ಲೋಹವಿಲ್ಲದ ಕೋಣೆ

ಆ ಮುಂಜಾನೆ ನಾನು ಏನನ್ನು ನೋಡಿದೆ ಎಂಬುದು ನನಗೆ ಖಚಿತವಿಲ್ಲ. ಕೊಟ್ಟೂರಿನ ಅಕ್ಕನ ಮನೆಯ ಹಿಂದಿನ ಕೋಣೆ, ಅರ್ಧ ತೆರೆದ ಬಾಗಿಲು, ನೆಲದ ಮೇಲೆ ಹಾಸಿದ ಕೌದಿ, ಅದರ ಮೇಲೆ ಅಂಗಾತ ಮಲಗಿದ ಅಕ್ಕ. ಇಷ್ಟು ನಿಜವಿರಬೇಕು. ಅವಳ ಎಡಗೈ ಪಕ್ಕಕ್ಕೆ ಚಾಚಿತ್ತು, ಅಂಗೈಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟೊಂದಿತ್ತು ಎಂದು ಒಂದು ನೆನಪು ಹೇಳುತ್ತದೆ. ಗಂಟು ಗಿಂಟು ಏನೂ ಇರಲಿಲ್ಲ, ಅವಳ ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ಇತ್ತು, ಕಿಟಕಿಯ ಬೆಳಕಿಗೆ ಅದು ಮಿಂಚಿತು ಎಂದು ಇನ್ನೊಂದು ನೆನಪು ಹೇಳುತ್ತದೆ. ಎರಡನ್ನೂ ನಾನು ಅದೇ ಬಾಗಿಲಿನಿಂದ, ಅದೇ ಬೆಳಕಿನಲ್ಲಿ ಕಂಡಂತಿದೆ. ಎರಡೂ ಒಂದೇ ಹೊತ್ತಿನದಾಗಿರಲು ಸಾಧ್ಯವಿಲ್ಲ. ಅವತ್ತು ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಬಟ್ಟೆಯೋ ಬೆಳ್ಳಿಯೋ ಎಂಬುದು ಇಷ್ಟು ದೊಡ್ಡ ಮಾತಾಗಬಾರದಿತ್ತು. ಆಯಿತು. ಬಟ್ಟೆಯಾಗಿದ್ದರೆ ಅಕ್ಕನ ಎದೆಯೊಳಗಿನ ಒತ್ತಡದ ಅಳತೆ ಆ ಮುಂಜಾನೆ ಆಸ್ಪತ್ರೆಗೆ ಹೋಗಿರುತ್ತದೆ. ಬೆಳ್ಳಿಯಾಗಿದ್ದರೆ ಹೋಗಿರುವುದಿಲ್ಲ. ಆ ಬೆಳ್ಳಿಯನ್ನು ಹಿಂದಿನ ಸಂಜೆ ತಾವಾಗಿಯೇ ಅವಳ ಕೊರಳಿಗೆ ಹಾಕಿದವರು ನಮ್ಮ ಭಾವ. ಅವರು ಇನ್ನು ಮುಂದೆ ಹೇಗೆ ಬದುಕಬೇಕು ಎಂಬುದು ನಾನು ಕಂಡದ್ದರ ಮೇಲೆ ನಿಂತಿತ್ತು. ನೋಡಿದವನು ನಾನೊಬ್ಬನೇ.

ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಹಡಗಲಿಯಲ್ಲಿದ್ದೆ, ಅದಕ್ಕೂ ಮೊದಲು ಕೂಡ್ಲಿಗಿಯಲ್ಲಿ. "ಕಾಲಾಗ ಗಾಲಿ ಕಟ್ಕೊಂಡು ಹುಟ್ಟೀಯಲೇ," ಎಂದು ಅಕ್ಕ ಬೈಯುತ್ತಿದ್ದಳು. ಪ್ರಯೋಗಾಲಯದಲ್ಲಿ ಲೋಲಕವನ್ನು ತೂಗಾಡಿಸಿ ಗುರುತ್ವವನ್ನು ಅಳೆಯುವ ಹುಡುಗರನ್ನು ವರ್ಷಗಟ್ಟಲೆ ನೋಡಿದ್ದೇನೆ. ಬರಬೇಕಾದ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಬಂದೇ ಬರುತ್ತದೆ. ಅವರೇನೂ ಸುಳ್ಳು ಬರೆಯುವುದಿಲ್ಲ. ಕಣ್ಣು ತನಗೆ ಬೇಕಾದ ಗೆರೆಯ ಮೇಲೆ ನಿಂತುಕೊಳ್ಳುತ್ತದೆ, ಅಷ್ಟೇ. ಇದನ್ನು ಪಾಠ ಮಾಡಿ ಮಾಡಿ ನಾನು ನನ್ನ ಕಣ್ಣನ್ನೂ ನಂಬದವನಾದೆ. ಆ ಅಪನಂಬಿಕೆ ಬೇರೆ ಕಡೆಯೆಲ್ಲ ಉಪಯೋಗಕ್ಕೆ ಬಂದಿದೆ.

ಭಾವನದು ಪಾತ್ರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯ ಕಾಲ ಬಂತೆಂದರೆ ಹಿರೇಹಡಗಲಿ ಕಡೆಯಿಂದಲೂ ಜನ ಬಂದು ಕೊಡ, ಕೊಳಗ, ಡಬರಿ, ತಾಟುಗಳನ್ನು ಗಾಡಿಗೆ ಹೇರಿಕೊಂಡು ಹೋಗುತ್ತಿದ್ದರು. ಪಾತ್ರೆಗಳ ಮೇಲೆ ಹೆಸರು ಕೊರೆಯುವ ಪುಟ್ಟ ಮಿಷನ್ನು ದಿನವಿಡೀ ದುಂಬಿಯಂತೆ ಗುಯ್‌ಗುಡುತ್ತಿತ್ತು. ಅಂಗಡಿಯಲ್ಲಿ ಹಿಡಿಸದ ಸರಕು ಮನೆಯೊಳಗೆ ನುಗ್ಗಿತ್ತು. ಅಟ್ಟದ ಮೇಲೆ ಪಾತ್ರೆ, ಮಂಚದ ಕೆಳಗೆ ಪಾತ್ರೆ, ದೇವರ ಗೂಡಿನ ಪಕ್ಕದಲ್ಲೂ ಒಂದರೊಳಗೊಂದು ಕೂತ ಬುಟ್ಟಿಗಳು. ಬೆಕ್ಕು ಹಾರಿದರೆ ಸಾಕು, ಮನೆಯೆಲ್ಲ ಸದ್ದು.

ಆ ಮನೆಗೆ ಬಂದ ಕೆಲವೇ ವರ್ಷಗಳಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಅಕ್ಕ ಉಳಿದಳು, ಆದರೆ ಅವಳ ಹೃದಯ ಹಿಗ್ಗಿ ಸಡಿಲವಾಯಿತು. ಕೆಲವು ಹೆಂಗಸರಿಗೆ ಹೆರಿಗೆಯ ಹೊತ್ತಿನಲ್ಲಿ ಹೀಗಾಗುತ್ತದೆ, ಯಾಕೆಂದು ಸರಿಯಾಗಿ ಗೊತ್ತಿಲ್ಲ ಎಂದರು ಡಾಕ್ಟರು. ಅವಳು ಆಸ್ಪತ್ರೆಯಿಂದ ನಡೆದುಕೊಂಡು ಮನೆಗೆ ಬಂದ ಖುಷಿಗೆ ಭಾವ ಬೆಳ್ಳಿ ಕರಡಿಗೆ ಮಾಡಿಸಿದರು. ಜೀವನವಿಡೀ ಸ್ಟೀಲು, ಹಿತ್ತಾಳೆ ಮಾರಿದ ಮನುಷ್ಯ ತನ್ನ ಮನೆಗೆಂದು ಮಾಡಿಸಿದ ಒಂದೇ ಬೆಳ್ಳಿ ಅದು. ಅಕ್ಕನ ಇಷ್ಟಲಿಂಗ ಅದರೊಳಗೆ ಹೋಯಿತು. ಆಮೇಲೆ ಅದು ಅವಳ ಎದೆಯ ಮೇಲಿಂದ ಇಳಿಯಲಿಲ್ಲ.

ನಾನು ಲಿಂಗ ಕಟ್ಟುವುದನ್ನು ವಿಶ್ವವಿದ್ಯಾಲಯಕ್ಕೆ ಹೋದ ವರ್ಷವೇ ಬಿಟ್ಟಿದ್ದೆ. ಅಕ್ಕ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ. ನಾನು ಊಟಕ್ಕೆ ಕೂತಾಗ ಮಾತ್ರ ನನ್ನ ಕೊರಳನ್ನೊಮ್ಮೆ ನೋಡಿ ಆಮೇಲೆ ರೊಟ್ಟಿ ಹಾಕುತ್ತಿದ್ದಳು.

ವರ್ಷಗಳು ಹೀಗೇ ಹೋದವು. ಆಮೇಲಾಮೇಲೆ ಅಕ್ಕನ ಕಾಲಿಗೆ ನೀರು ತುಂಬುವುದು, ಉಸಿರು ಕಟ್ಟುವುದು, ಆಸ್ಪತ್ರೆಗೆ ಸೇರಿಸುವುದು ಮತ್ತೆ ಮತ್ತೆ ನಡೆಯತೊಡಗಿತು. ಯಾರು ಕೇಳಿದರೂ ಅವಳ ಉತ್ತರ ಒಂದೇ: "ಆರಾಮ ಅದೀನ್ರಿ." ಮಾತಿನ ಮಧ್ಯೆ ಉಸಿರಿಗೆ ನಿಲ್ಲಬೇಕಾದಾಗಲೂ ಆರಾಮ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರ ಡಾಕ್ಟರು ಹೇಳಿದರು, ಇವರ ಮಾತು ಕೇಳಿ ಪ್ರಯೋಜನವಿಲ್ಲ, ಒಳಗಿನಿಂದಲೇ ಕೇಳೋಣ ಎಂದು. ಭತ್ತದ ಕಾಳಿಗಿಂತ ತುಸು ದೊಡ್ಡದಾದ ಒಂದು ಸೆನ್ಸರ್, ಎರಡೂ ತುದಿಗೆ ಕೂದಲೆಳೆಯಂಥ ತಂತಿಯ ಕುಣಿಕೆ. ಅದನ್ನು ತೊಡೆಯ ಸಂದಿನ ರಕ್ತನಾಳದಿಂದ ಕೊಳವೆಯಲ್ಲಿ ಸಾಗಿಸಿ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದೊಳಗೆ ಬಿಟ್ಟರು. ಅಲ್ಲಿನ ರಕ್ತದ ಒತ್ತಡವನ್ನು ಅದು ಅಳೆಯುತ್ತದೆ. ಕಾಲು ಊದುವುದಕ್ಕೆ, ಉಸಿರು ಕಟ್ಟುವುದಕ್ಕೆ ಎಷ್ಟೋ ದಿನ ಮೊದಲೇ ಆ ಒತ್ತಡ ಏರತೊಡಗುತ್ತದೆಯಂತೆ. ಏರಿದ್ದು ಗೊತ್ತಾದರೆ ನೀರಿನ ಮಾತ್ರೆ ಹೆಚ್ಚಿಸಿ ಅಲ್ಲಿಗೇ ತಡೆಯಬಹುದು.

ಮನೆಗೆ ಕೊಟ್ಟು ಕಳಿಸಿದ್ದು ಒಂದು ದಿಂಬು, ಅದಕ್ಕೆ ಜೋಡಿಸಿದ ಒಂದು ಪೆಟ್ಟಿಗೆ. ಪ್ರತಿ ಮುಂಜಾನೆ ಆ ದಿಂಬಿನ ಮೇಲೆ ಬೆನ್ನು ಊರಿ ಅಲುಗದೆ ಮಲಗಬೇಕು. ದಿಂಬಿನೊಳಗಿನ ಆಂಟೆನಾ ಸೆನ್ಸರನ್ನು ಮಾತಾಡಿಸುತ್ತದೆ, ಪೆಟ್ಟಿಗೆ ಉತ್ತರವನ್ನು ಮೊಬೈಲ್ ನೆಟ್‌ವರ್ಕಿನಲ್ಲಿ ಆಸ್ಪತ್ರೆಗೆ ಕಳಿಸುತ್ತದೆ. ಅಲ್ಲಿ ಒಬ್ಬ ನರ್ಸು ಅದನ್ನು ನೋಡಿ, ಬೇಕೆನಿಸಿದರೆ ಫೋನ್ ಮಾಡುತ್ತಾಳೆ.

"ಸೆಲ್ ಮುಗದ್ರ ಮತ್ತ ಹೊಟ್ಟಿ ಕೊಯ್ತಾರೇನೋ?" ಎಂದು ಅಕ್ಕ ನನ್ನನ್ನು ಕೇಳಿದಳು.

"ಅದರಾಗ ಸೆಲ್ಲ ಇಲ್ಲಕ್ಕ. ದಿಂಬು ಕೇಳಿದಾಗಷ್ಟ ಹೇಳತೈತಿ. ಕೇಳದಿದ್ರ ಸುಮ್ಮನ ಇರತೈತಿ."

"ಹಂಗಾರ ನನ್ನಂಗ ಬಿಡು," ಎಂದಳು.

ಕೊಟ್ಟೂರಿಗೆ ಬಂದ ಮೊದಲ ದಿನವೇ ಅದು ಕೈಕೊಟ್ಟಿತು. ಪೆಟ್ಟಿಗೆಯೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ, ಮತ್ತೆ ಪ್ರಯತ್ನಿಸಿ ಎನ್ನುತ್ತಾಳೆ, ಮತ್ತೆ ಅದನ್ನೇ ಹೇಳುತ್ತಾಳೆ. ಅಕ್ಕ ಮಲಗಿದಲ್ಲಿಂದಲೇ ಅವಳಿಗೆ ಉತ್ತರ ಕೊಡುತ್ತಿದ್ದಳು: "ಏ ತಾಯಿ, ನಾ ಇಲ್ಲೇ ಅದೀನಿ. ಎಲ್ಲಿ ಹುಡುಕಾಕ ಹತ್ತೀಯವ್ವಾ?"

ಫೋನಿನಲ್ಲಿ ನರ್ಸು ಹೇಳಿದಳು, "ಅಮ್ಮಾ, ಹತ್ತಿರದಲ್ಲಿ ಲೋಹ ಇದ್ರೆ ಸಿಗ್ನಲ್ ಸಿಗಲ್ಲ. ಕಬ್ಬಿಣದ ಮಂಚ ಏನಾದ್ರೂ ಇದೆಯಾ?"

ಅಕ್ಕ ಫೋನನ್ನು ಎದೆಗೊತ್ತಿಕೊಂಡು ನಗತೊಡಗಿದಳು. ನಕ್ಕು ಉಸಿರು ಹತ್ತಿ, ಮತ್ತೆ ನಕ್ಕಳು. "ರೀ, ಕೇಳಿದ್ರ್ಯಾ? ಮನಿಯಾಗ ಲೋಹ ಐತೇನು ಅಂತ ಕೇಳ್ತಾಳಿಕಿ!"

ಭಾವ ನಗಲಿಲ್ಲ. ಅಂಗಡಿಗೆ ಬೀಗ ಹಾಕಿ, ಹಿಂದಿನ ಕೋಣೆಯನ್ನು ಖಾಲಿ ಮಾಡಲು ನಿಂತರು. ನಾನೂ ಕೈ ಹಚ್ಚಿದೆ. ಅಟ್ಟದ ಕೊಳಗಗಳು, ಮಂಚ, ಅಕ್ಕ ತವರಿನಿಂದ ತಂದ ಟ್ರಂಕು, ಗೋಡೆಗೆ ಹೊಡೆದ ಮೊಳೆಗಳು ಕೂಡ ಹೊರಗೆ ಬಂದವು. ಕಿಟಕಿಯ ಸರಳುಗಳನ್ನು ಕೀಳಿಸಿ ಮರದ ಜಾಲರಿ ಕೂರಿಸಿದರು. ಅಷ್ಟೆಲ್ಲ ಬೇಕಾಗಿರಲಿಲ್ಲ, ಹೇಳಿದರೆ ಕೇಳಲಿಲ್ಲ. ಪಕ್ಕದ ಕಿರಾಣಿ ಅಂಗಡಿಯವನು ಬಂದು, "ಏನ್ ಸಾವ್ಕಾರ್ರ, ಮನಿ ಬಿಡಾಕ ಹತ್ತೀರೇನು?" ಎಂದು ಕೇಳಿದ. "ಅಕಿ ಎದಿ ಮಾತಾಡಾಕ ಜಾಗ ಬೇಕಂತಪಾ," ಎಂದರು ಭಾವ. ಸಂಜೆಗೆ ಆ ಕೋಣೆಯಲ್ಲಿ ಉಳಿದದ್ದು ಒಂದು ಚಾಪೆ, ಒಂದು ಕೌದಿ, ಆ ದಿಂಬು, ಬಾಗಿಲಿನ ಹತ್ತಿರ ಪೆಟ್ಟಿಗೆ. ಮಾತಾಡಿದರೆ ದನಿ ಗೋಡೆಗೆ ಹೊಡೆದು ವಾಪಸು ಬರುತ್ತಿತ್ತು. ಅಕ್ಕ ಮಧ್ಯದಲ್ಲಿ ನಿಂತು ಸುತ್ತಲೂ ನೋಡಿ, "ಮದುವಿ ಆದಾಗಿಂದ ಈ ಮನಿಯಾಗ ಇಷ್ಟು ಜಾಗ ಐತಿ ಅಂತ ಗೊತ್ತ ಇದ್ದಿಲ್ಲ," ಎಂದಳು.

ಮರುದಿನವೂ ಅಳತೆ ಹೋಗಲಿಲ್ಲ.

ಆಗಲೇ ಕರಡಿಗೆಯ ಮಾತು ಬಂದದ್ದು. ಭಾವನೇ ಹೇಳಿದರು: "ಮಲಗೂವಾಗ ಒಂಚೂರು ತಗದು ಗೂಡಿನ್ಯಾಗ ಇಡು. ಆಮ್ಯಾಲ ಹಾಕ್ಕೊಂಡ್ರಾತು."

ಅಕ್ಕ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. "ಲಿಂಗ ತಗದು ಗೂಡಿನ್ಯಾಗ ಇಡಾಕ ನಾ ಏನು ಸತ್ತೀನೇನ್ರಿ?"

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಸೆನ್ಸರ್ ಹಾಕುವ ದಿನ ಥಿಯೇಟರಿನೊಳಗೆ ಬೆಳ್ಳಿ ಬೇಡವೆಂದಾಗ, ಲಿಂಗವನ್ನು ಬಿಟ್ಟು ಒಳಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ನರ್ಸು ಗಾಜ್ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ಅವಳ ಎಡ ಅಂಗೈಗೆ ಕಟ್ಟಿದ್ದಳು. ಪೂಜೆಯಲ್ಲೂ ಲಿಂಗ ಇರುವುದು ಎಡ ಅಂಗೈಯಲ್ಲೇ. ಈಗ ಬಿಳಿ ಪಂಚೆಯ ತುಂಡೊಂದನ್ನು ಹರಿದು, ಲಿಂಗವನ್ನು ಅದರಲ್ಲಿ ಕಟ್ಟಿ, ಅಂಗೈಯಲ್ಲಿ ಇಟ್ಟುಕೊಂಡು ಮಲಗಿದಳು. ಕರಡಿಗೆ ಬಾಗಿಲಾಚೆ ಭಾವನ ಕೈಯಲ್ಲಿತ್ತು. ಪೆಟ್ಟಿಗೆ ಒಂದು ಸಣ್ಣ ರಾಗ ನುಡಿಸಿತು. ಅಳತೆ ಹೋಗಿತ್ತು.

ನಾನು ಸುಮ್ಮನಿರಲಾರದವನು. ಒಮ್ಮೆಗೇ ನಂಬಬಾರದೆಂದು ಅವಳನ್ನು ಕಾಡಿಸಿ, ಮತ್ತೆ ಕರಡಿಗೆ ಹಾಕಿಸಿ ಮಲಗಿಸಿದೆ. ಹೋಗಲಿಲ್ಲ. ತೆಗೆಸಿದೆ, ಹೋಯಿತು. ಮುಂದೊಂದು ದಿನ ಪರೀಕ್ಷಿಸಲು ಮತ್ತೆ ಹಾಕಿಸಿದೆ, ಆಗಲೂ ಹೋಗಲಿಲ್ಲ. "ನಿನ್ನ ಪರೀಕ್ಷಿ ಮುಗೀತೇನಲೇ ಮಾಸ್ತರ?" ಎಂದಳು. ಮುಗಿದಿತ್ತು. ಎದೆಯ ಮೇಲೆ ಬೆಳ್ಳಿ ಇದ್ದರೆ ಆ ಯಂತ್ರ ಕಿವುಡು. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ಅಕ್ಕ ದಿನಕ್ಕೆರಡು ಸಲ ಬಿಚ್ಚಿ ಕಟ್ಟುವ ಗೊಡವೆಯೇ ಬೇಡವೆಂದು ಲಿಂಗವನ್ನು ಬಟ್ಟೆಯಲ್ಲೇ ಕಟ್ಟಿ ಕೊರಳಿಗೆ ಹಾಕಿಕೊಳ್ಳತೊಡಗಿದಳು. ದಿಂಬಿನ ಮೇಲೆ ಮಲಗುವಾಗ ಆ ಗಂಟು ಎಡ ಅಂಗೈಗೆ ಬರುತ್ತಿತ್ತು. ಕರಡಿಗೆ ಅಂಗಡಿಯ ಕಪಾಟಿಗೆ ಹೋಯಿತು.

ಆ ಕಾಲ ಒಳ್ಳೆಯದಿತ್ತು. ಆಸ್ಪತ್ರೆಗೆ ಸೇರಿಸುವುದು ನಿಂತಿತು. ಅಕ್ಕ ಸೆನ್ಸರಿಗೆ ಚಾಡಿಕೋರ ಎಂದು ಹೆಸರಿಟ್ಟಿದ್ದಳು. ನಾನು ಸಂಜೆಯ ರೈಲಿಗೆ ಹೋದ ದಿನ ಇಬ್ಬರೂ ಕೂತು ಮಂಡಕ್ಕಿ, ಮಿರ್ಚಿ ತಿಂದೆವು. ಉಪ್ಪು ಅವಳಿಗೆ ವರ್ಜ್ಯ. "ಒಂದಿನಕ್ಕ ಏನಾಗತೈತಿ" ಎಂದಳು. ಎರಡು ದಿನ ಬಿಟ್ಟು, ನಾನಿನ್ನೂ ಅಲ್ಲೇ ಇದ್ದಾಗ, ನರ್ಸಿನ ಫೋನು ಬಂತು.

"ಅಮ್ಮಾ, ಪ್ರೆಷರ್ ಸ್ವಲ್ಪ ಏರಿದೆ. ಏನಾದ್ರೂ ಉಪ್ಪಿನದು ತಿಂದ್ರಾ?"

"ಇಲ್ರಿ ಮತ್ತ. ಗಂಜಿ ಕುಡದೀನಿ."

"ನಿಜ ಹೇಳಿ ಅಮ್ಮಾ."

"ನಮ್ಮ ತಮ್ಮ ತಂದಿದ್ದರಿ," ಎಂದು ನನ್ನ ಮೇಲೆ ಹಾಕಿ, ಫೋನು ಇಟ್ಟ ಮೇಲೆ ನನಗೆ ಹೇಳಿದಳು: "ಗಂಡಗ ಗೊತ್ತಾಗಲಿಲ್ಲ, ಮಗ್ಗಲ ಮನಿಯಾಕಿಗೆ ಗೊತ್ತಾಗಲಿಲ್ಲ. ಬೆಂಗಳೂರಾಗ ಕುಂತಾಕಿಗೆ ಗೊತ್ತಾತು ನೋಡು. ಎಂಥ ಚಾಡಿಕೋರನ್ನ ಹೊಟ್ಯಾಗ ಇಟ್ಕೊಂಡೀನಿ!"

ಭಾವನಿಗೆ ಮಾತ್ರ ಮುಂಜಾನೆಯ ಆ ನೋಟ ಸಹಿಸಲಾಗುತ್ತಿರಲಿಲ್ಲ. ಅಂಗಾತ ಮಲಗಿ, ಎಡ ಅಂಗೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಿಂಗ. ನಮ್ಮಲ್ಲಿ ಹೂಳುವಾಗ ಹಾಗೆ ಕಟ್ಟುತ್ತಾರೆ. ನಾನು ಇದನ್ನು ಗಮನಿಸಿರಲಿಲ್ಲ. ನಮ್ಮವರ ಆಚಾರಗಳನ್ನು ಮರೆಯುವುದರಲ್ಲೇ ನಾನು ಬುದ್ಧಿವಂತಿಕೆ ಕಂಡವನು. ಒಮ್ಮೆ ಅಂಗಡಿಯಲ್ಲಿ ಹೆಸರು ಕೊರೆಯುತ್ತ, ಭಾವ ತಲೆ ಎತ್ತದೆ ಹೇಳಿದರು: "ತಮ್ಮಾ, ಮುಂಜಾನೆದ್ದು ಅಕಿನ್ನ ಹಂಗ ನೋಡಾಕ ಆಗಂಗಿಲ್ಲೋ. ಮಣ್ಣಿಗೆ ಇಡಾಕ ತಯಾರ ಮಾಡಿದಂಗ ಕಾಣತೈತಿ. ಅದಕ್ಕ ನಾ ಅಷ್ಟೊತ್ತಿಗೆ ಶಟರ್ ಎತ್ತಾಕ ಬರ್ತೀನಿ." ನಿಜ, ಅಕ್ಕ ದಿಂಬಿನ ಮೇಲೆ ಮಲಗುವ ಹೊತ್ತಿಗೆ ಸರಿಯಾಗಿ ಅಂಗಡಿಯ ಶಟರ್ ಗಡಗಡ ಎನ್ನುತ್ತಿತ್ತು.

ಮನೆಗೆ ಅಯ್ಯನವರು, ನಮ್ಮ ಜಂಗಮ ಗುರುಗಳು, ಪಾದಪೂಜೆಗೆ ಬರುವವರಿದ್ದರು. ಹಿಂದಿನ ಸಂಜೆ ನಾನು ಕೊಟ್ಟೂರಿಗೆ ಹೋದೆ. ಭಾವ ಕಪಾಟಿನಿಂದ ಕರಡಿಗೆ ತೆಗೆದು, ವಿಭೂತಿ ಹಚ್ಚಿ, ಮೆತ್ತನೆ ಬಟ್ಟೆಯಿಂದ ತಿಕ್ಕುತ್ತ ಕೂತಿದ್ದರು. ಕಪ್ಪು ಹೋಗಿ ಬೆಳ್ಳಿ ಬೆಳ್ಳಗಾಯಿತು. ಅಡಿಗೆ ಮನೆಯ ಬಾಗಿಲಿಗೆ ಹೋಗಿ, "ನಾಳೆ ಒಂದಿನ ಇದನ್ನ ಹಾಕ್ಕ. ಅಯ್ಯಾರ ಮುಂದ ಬಟ್ಟಿ ಗಂಟು ಕಟ್ಕೊಂಡು ನಿಂದ್ರಬ್ಯಾಡ," ಎಂದರು. ಅವರಿಗೆ ಬೇಕಾಗಿದ್ದದ್ದು ಅಯ್ಯನವರ ನೆಪ, ಅಷ್ಟೇ. ಅಕ್ಕ ಹಿಟ್ಟಿನ ಕೈ ಮುಂದೆ ಚಾಚಿ, "ಕೈ ನೋಡ್ರಿ ಹೆಂಗೈತಿ, ನೀವ ಹಾಕ್ರಿ," ಎಂದಳು. ಅವರೇ ಅವಳ ಲಿಂಗವನ್ನು ಬಟ್ಟೆಯಿಂದ ಕರಡಿಗೆಗೆ ಇಳಿಸಿ, ಶಿವದಾರವನ್ನು ಕೊರಳಿಗೆ ಹಾಕಿದರು. "ಈಗ ಕಾಣ್ತೀ ನೋಡು," ಎಂದರು. "ಇಷ್ಟು ದಿನ ಕಾಣ್ತಿದ್ದಿಲ್ಲೇನು?" ಎಂದಳು ಅಕ್ಕ.

"ಅಕ್ಕಾ, ಮುಂಜಾನೆ ತಗದು ಮಲಗಬೇಕು ಮತ್ತ," ಎಂದು ನಾನು ಹೇಳಿದೆ, "ಗೊತ್ತೈತಿ ಬಿಡಲೇ" ಎಂದು ಅವಳು ಹೇಳಿದಳು ಎಂದು ನನ್ನ ನೆನಪು. ಆ ಮಾತನ್ನು ಯಾರೂ ಆಡಲೇ ಇಲ್ಲ ಎಂದು ಭಾವನ ನೆನಪು. ನನ್ನದನ್ನು ನಾನು ಪಟ್ಟು ಹಿಡಿದು ಹೇಳಲಾರೆ. ಹೇಳಬೇಕಾಗಿದ್ದ ಮಾತು ಅದು, ಹಾಗಾಗಿಯೇ ನೆನಪಾಗುತ್ತಿರಬಹುದು.

ಮುಂಜಾನೆ ನಾನು ಎದ್ದು ಚಹಾದ ಲೋಟ ಹಿಡಿದು ಪಡಸಾಲೆಯಲ್ಲಿ ಅತ್ತಿತ್ತ ತಿರುಗಾಡುತ್ತಿದ್ದೆ. ಕೂತು ಚಹಾ ಕುಡಿದವನಲ್ಲ. ಬಾಗಿಲಿನ ಮುಂದೆ ಹಾದುಹೋಗುವಾಗ ಒಳಗೆ ಕಣ್ಣು ಹಾಯಿತು. ಮೊದಲೇ ಬರೆದಿರುವ ಆ ಎರಡು ಚಿತ್ರಗಳು ಆ ಕ್ಷಣದವು. ಎಷ್ಟು ಸಲ ಹಾದುಹೋದೆನೋ ಗೊತ್ತಿಲ್ಲ. ಪೆಟ್ಟಿಗೆ ರಾಗ ನುಡಿಸಿತೋ ಇಲ್ಲವೋ, ಅದೂ ಗೊತ್ತಿಲ್ಲ. ಆಗ ಭಾವ ಶಟರ್ ಎತ್ತುತ್ತಿದ್ದರು.

ಪಾದಪೂಜೆ ಆಯಿತು. ಅಕ್ಕ ಕರಡಿಗೆ ಹಾಕಿಕೊಂಡೇ ಓಡಾಡಿದಳು. ಅದನ್ನು ಎಲ್ಲರೂ ನೋಡಿದ್ದಾರೆ. ಅಯ್ಯನವರ ಪ್ರಸಾದವಾದ ಮೇಲೆ ಭಾವ ಅಂಗಡಿಗೆ ಹೋಗಿ ಕೂತರು, ಗಿರಾಕಿಗಳು ಕಾಯುತ್ತಿದ್ದರು. ಅಕ್ಕ ಅವರಿಗೆ ಮಜ್ಜಿಗೆ ಒಯ್ದಳು. ನಾನು ನಡುಬಾಗಿಲಲ್ಲಿದ್ದೆ. ಮಜ್ಜಿಗೆಯ ಲೋಟವನ್ನು ಮೇಜಿನ ಮೇಲಿಟ್ಟು, ತಾಟು ಪೇರಿಸಿಟ್ಟ ಅಡ್ಡಣಿಗೆಗೆ ಕೈ ಊರಿದಳು. ತಾಟುಗಳೆಲ್ಲ ಜಾರಿ ಬಿದ್ದವು. ಆ ಸದ್ದು ಬೀದಿಯ ಆಚೆ ತುದಿಗೂ ಕೇಳಿಸಿತಂತೆ. ಭಾವ ಮಿಷನ್ನಿನಿಂದ ತಲೆ ಎತ್ತದೆ, "ನಿಧಾನಕ್ಕ, ನಿಧಾನಕ್ಕ. ಮನಿ ಓಡಿ ಹೊಕ್ಕೈತೇನು?" ಎಂದು ಗದರಿದರು.

ಅವಳು ಆ ತಾಟುಗಳ ನಡುವೆಯೇ ಕೂತುಬಿಟ್ಟಿದ್ದಳು. ಮಾತಾಡಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇಂಥ ಹೃದಯಗಳು ಕೆಲವೊಮ್ಮೆ ಬಡಿತದ ಲಯ ತಪ್ಪಿ ಒಮ್ಮೆಗೇ ನಿಂತುಬಿಡುತ್ತವೆ. ಒತ್ತಡ ಬೇರೆ, ಬಡಿತ ಬೇರೆ. ಸೆನ್ಸರ್ ಬಡಿತದ ಸುದ್ದಿಯನ್ನು ಮೊದಲೇ ಹೇಳಲಾರದು. ನನಗೆ ಅರ್ಥವಾಯಿತು. ಭಾವನಿಗೆ ಅದು ತಲೆಗೆ ಹೋಗಲಿಲ್ಲ. "ಏನರ ಏರಿದ್ರ ಫೋನ್ ಮಾಡ್ತಿದ್ರು," ಎನ್ನುತ್ತಿದ್ದರು. "ಅವತ್ತು ಫೋನ್ ಬರಲಿಲ್ಲ. ಯಾಕ ಬರಲಿಲ್ಲ?" ಒತ್ತಡ ಸರಿಯಿದ್ದರೂ ಫೋನ್ ಬರುವುದಿಲ್ಲ, ಅಳತೆ ಹೋಗದಿದ್ದರೂ ಅದೇ ದಿನ ಬರುವುದಿಲ್ಲ. ಒಂದು ದಿನ ತಪ್ಪಿದರೆ ಆಸ್ಪತ್ರೆಯವರು ಮರುದಿನಕ್ಕೆ ಕಾಯುತ್ತಿದ್ದರು. ಇದು ಭಾವನಿಗೂ ಗೊತ್ತಿತ್ತು. ಅದೇ ಅವರನ್ನು ತಿನ್ನುತ್ತಿದ್ದದ್ದು.

ಮಣ್ಣು ಮಾಡುವ ಹೊತ್ತಿಗೆ, ಮಧ್ಯಾಹ್ನ ಅವಳ ಕೈಯ ಅಡಿಗೆ ಉಂಡ ಅಯ್ಯನವರೇ ಬಂದು ನಿಂತರು. ಅಕ್ಕನ ಕೊರಳಿನಿಂದ ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು, ಬಿಳಿ ಬಟ್ಟೆಯಲ್ಲಿಟ್ಟು ಎಡ ಅಂಗೈಗೆ ಕಟ್ಟಿದರು. ಖಾಲಿ ಕರಡಿಗೆಯನ್ನು ಭಾವನ ಕೈಗೆ ಕೊಟ್ಟರು. ಭಾವ ಅದನ್ನು ನೋಡಿದರು, ಆ ಅಂಗೈಯನ್ನು ನೋಡಿದರು, ಜನರ ನಡುವೆ ನನ್ನನ್ನು ಹುಡುಕಿ ತೋಳು ಹಿಡಿದರು.

"ಮುಂಜಾನೆ ನೀ ಅಲ್ಲೇ ತಿರಗ್ಯಾಡ್ತಿದ್ದಿ. ಖರೆ ಹೇಳು. ಮಲಗಿದಾಗ ಇದು ಕೊಳ್ಳಾಗಿತ್ತೇನು?"

"ಇಲ್ಲ ಭಾವಾ. ತಗದಿದ್ಲು. ಲಿಂಗ ಬಟ್ಟಿಯಾಗಿತ್ತು, ಅಂಗೈಯಾಗಿತ್ತು. ನಾ ನೋಡೀನಿ."

ಅಷ್ಟು ಬೇಗ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ. ಅದು ಸುಳ್ಳಾಗಿರಲಿಲ್ಲ, ಹೇಳುವಾಗ ನನಗೆ ಆ ಬಿಳಿ ಗಂಟು ಕಾಣುತ್ತಿತ್ತು. ಆದರೆ ನನ್ನ ಕಣ್ಣೆದುರಿಗೇ ಇನ್ನೊಂದು ಬಿಳಿ ಗಂಟು ಇತ್ತು, ಅಯ್ಯನವರು ಆಗತಾನೆ ಕಟ್ಟಿದ್ದು. ನಾನು ಮುಂಜಾನೆಯದನ್ನು ನೋಡಿ ಹೇಳಿದೆನೋ, ಇದನ್ನು ನೋಡಿ ಹೇಳಿದೆನೋ?

ಆಮೇಲೆ ಹೋದಾಗಲೆಲ್ಲ ಭಾವ ಕೇಳುತ್ತಿದ್ದರು. ಗಿರಾಕಿಯ ಮುಂದೆ, ಊಟಕ್ಕೆ ಕೂತಾಗ, ರೈಲಿಗೆ ಬಿಡಲು ಬಂದಾಗ. "ಅಂಗೈಯಾಗಿತ್ತಲ್ಲ?" "ಇತ್ತು ಭಾವಾ." ಹೇಳಿದಷ್ಟೂ ನನ್ನ ಚಿತ್ರ ಸ್ಪಷ್ಟವಾಗುತ್ತ ಹೋಯಿತು. ಬಟ್ಟೆಗೆ ನೀಲಿ ಅಂಚು ಬಂತು. ಬೆರಳುಗಳು ತುಸು ಮಡಚಿಕೊಂಡವು. ಹೊಸ ವಿವರ ಬಂದಾಗಲೆಲ್ಲ ನನ್ನ ಅನುಮಾನ ಹೆಚ್ಚಾಯಿತು. ದಿನ ಕಳೆದಂತೆ ಸ್ಪಷ್ಟವಾಗುವ ನೆನಪು ಎಲ್ಲಿಯದು? ರಾತ್ರಿ ನಿದ್ದೆ ಬಾರದಾಗ ಬೆಳ್ಳಿಯದೇ ಗೆಲ್ಲುತ್ತಿತ್ತು.

ಹಿಂದಿನ ಕೋಣೆ ಹಾಗೆಯೇ ಇತ್ತು. ಮದುವೆಯ ಕಾಲ ಬಂತು, ಸರಕು ಬಂದು ಬಿತ್ತು, ಭಾವ ಕೊಡಗಳನ್ನು ಪಡಸಾಲೆಯಲ್ಲಿ ಸೂರಿನವರೆಗೆ ಪೇರಿಸಿದರು. ಮಲಗಲು ಜಾಗವಿಲ್ಲದೆ ಅಂಗಡಿಯಲ್ಲೇ ಚಾಪೆ ಹಾಸಿಕೊಂಡರು. ಆ ಕೋಣೆಯೊಳಗೆ ಒಂದು ಚಮಚವನ್ನೂ ಇಡಲಿಲ್ಲ. ಒಳಗೆ ಹೋಗುವಾಗ ಜೇಬಿನ ಬೀಗದ ಕೈಯನ್ನು ತೆಗೆದು ಹೊರಗಿಡುವುದನ್ನು ನಾನು ಕಂಡಿದ್ದೇನೆ. ಚಾಡಿಕೋರ ಮಣ್ಣಿನಲ್ಲಿ ಅವಳ ಜೊತೆಗಿತ್ತು. ಸೆಲ್ಲಿಲ್ಲದ್ದು, ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ಕೇಳುವ ದಿಂಬು ಇಲ್ಲಿತ್ತು.

ಆಸ್ಪತ್ರೆಯವರು ಆ ದಿಂಬನ್ನೂ ಪೆಟ್ಟಿಗೆಯನ್ನೂ ವಾಪಸು ಕೇಳಿದರು. ಕೊರಿಯರಿಗೆ ಹಾಕಿದರೆ ಸಾಕು ಎಂದಿದ್ದರು. ನಾನೇ ಒಯ್ಯುತ್ತೇನೆ ಎಂದೆ. ಯಾಕೆಂದು ಭಾವನಿಗೆ ಅರ್ಥವಾಯಿತು.

"ಕೇಳಬ್ಯಾಡ," ಎಂದರು. "ನೀ ನೋಡೀನಿ ಅಂದೀಯಲ್ಲ, ನನಗ ಅಷ್ಟು ಸಾಕು. ಅವರು ಇಲ್ಲ ಅಂದ್ರ ನಾ ಏನು ಮಾಡ್ಲಿ?"

ಆದರೂ ಹೊರಡುವ ದಿನ ದಿಂಬಿಗೆ ಅಕ್ಕ ಹೊಲಿದ ಗವಸನ್ನು ಬಿಚ್ಚಿ ಮಡಚಿಟ್ಟುಕೊಂಡು, ದಿಂಬನ್ನು ಕಂಕುಳಲ್ಲಿ ಹಿಡಿದು ತಾವೂ ಬಂದರು. ದಾರಿಯುದ್ದಕ್ಕೂ ಅದನ್ನು ಕೆಳಗಿಡಲಿಲ್ಲ. ಆಸ್ಪತ್ರೆಯ ಆ ಕೋಣೆಯ ಬಾಗಿಲವರೆಗೆ ಬಂದು, "ನಾ ಇಲ್ಲೇ ಕುಂದರ್ತೀನಿ, ನೀ ಹೋಗು," ಎಂದರು.

ಫೋನಿನ ದನಿಯಾಗಿದ್ದ ನರ್ಸನ್ನು ನಾನು ಮೊದಲ ಸಲ ನೋಡಿದೆ. ಚಿಕ್ಕ ವಯಸ್ಸು. ಅಕ್ಕನ ಊರು ಹೇಳಿದ ಕೂಡಲೇ, "ಗಂಜಿ ಅಮ್ಮ," ಎಂದಳು. ಎಂದವಳು ತುಟಿ ಕಚ್ಚಿಕೊಂಡಳು. ನಾನು ದಿಂಬು ಒಪ್ಪಿಸುವ ಮಾತಾಡಿದೆ, ಚಾರ್ಜರಿನ ಮಾತಾಡಿದೆ, ಬಸ್ಸಿನ ಮಾತಾಡಿದೆ. ಕೇಳಬೇಕಾದ್ದನ್ನು ಕೊನೆಗೆ ಕೇಳಿದೆ. ಅವತ್ತು ಮುಂಜಾನೆ ಏನಾದರೂ ಬಂದಿತ್ತೇ?

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಹುಡುಕುವಷ್ಟು ಹೊತ್ತು ನಾನು ನಿಂತಲ್ಲಿ ನಿಲ್ಲಲಿಲ್ಲ.

"ಬಂದಿದೆ ಸರ್," ಎಂದಳು. "ಅವತ್ತಿಂದು ಬಂದಿದೆ. ಪ್ರೆಷರ್ ಚೆನ್ನಾಗೇ ಇತ್ತು. ಅದಕ್ಕೇ ನಾನು ಫೋನ್ ಮಾಡಿರಲಿಲ್ಲ."

ಹಿಂದೆ ಉಸಿರಿನ ಸದ್ದಾಯಿತು. ಭಾವ ಯಾವಾಗ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರೋ. ದಿಂಬು ಇನ್ನೂ ಅವರ ಕಂಕುಳಲ್ಲೇ ಇತ್ತು.

"ಹಂಗಾರ ತಗದು ಮಲಗ್ಯಾಳ," ಎಂದರು. ನನಗಲ್ಲ, ನರ್ಸಿಗೂ ಅಲ್ಲ. "ತಗದು, ಬಟ್ಟಿಯಾಗ ಕಟ್ಟಿ, ಮಲಗಿ, ಎದ್ದು, ಮತ್ತ ಕರಡಿಗ್ಯಾಗ ಇಟ್ಟು ಕೊಳ್ಳಾಗ ಹಾಕ್ಕೊಂಡಾಳ." ದಿಂಬನ್ನು ಇನ್ನೊಂದು ಕೈಯಿಂದಲೂ ಹಿಡಿದು, "ನನ್ನ ಸಲುವಾಗಿ ಹಾಕ್ಕೊಂಡಾಳಪಾ ತಮ್ಮಾ. ನಾ ಅಕಿಗೆ ತಾಟು ಬಿದ್ದಾವಂತ ಬೈದೆ."

ನರ್ಸು ಎದ್ದು ಅವರಿಗೆ ಕುರ್ಚಿ ಕೊಟ್ಟಳು. ಅವರು ಕೂತು, ಮಡಿಲಲ್ಲಿ ದಿಂಬಿಟ್ಟುಕೊಂಡು, ಅಕ್ಕ ಹೋದಾಗಲೂ ಅಳದಿದ್ದ ಮನುಷ್ಯ, ಅಲ್ಲಿ ಅಷ್ಟು ಜನ ಓಡಾಡುವ ಜಾಗದಲ್ಲಿ ಅತ್ತರು. ಅವರನ್ನು ಸಮಾಧಾನ ಮಾಡಬೇಕಾದವನು ನಾನು. ಮಾಡಲಿಲ್ಲ. ಮೇಜನ್ನು ಸುತ್ತಿಕೊಂಡು ಹೋಗಿ, "ಒಂದ್ಸಲ ನನಗೆ ತೋರಿಸ್ತೀರಾ?" ಎಂದು ಕೇಳಿದೆ. ಅವಳು ಪರದೆಯನ್ನು ತಿರುಗಿಸಿದಳು.

ಹೆಸರು ಅಕ್ಕನದೇ. ತಾರೀಕು ಅದೇ. ಹೊತ್ತು, ಭಾವ ಶಟರ್ ಎತ್ತುವ ಹೊತ್ತು. ಬಟ್ಟೆಯನ್ನು ಕಂಡೆನೋ ಬೆಳ್ಳಿಯನ್ನು ಕಂಡೆನೋ, ಒಂದನ್ನು ಮಲಗಿದಾಗ ಇನ್ನೊಂದನ್ನು ಎದ್ದ ಮೇಲೆ ಕಂಡೆನೋ, ಇವತ್ತಿಗೂ ಹೇಳಲಾರೆ. ಪರೀಕ್ಷಿಸಿ ಹೇಳಬಲ್ಲದ್ದು ಒಂದೇ: ಆ ಮುಂಜಾನೆ ಅಕ್ಕನ ಅಳತೆ ಆಸ್ಪತ್ರೆಗೆ ತಲುಪಿತ್ತು.